ಕೆಜಿಎಫ್: ದಿಬ್ಬಗಳ ಹರಾಜಿಗೆ ಮೊದಲು ಊರಿನ ಪಟ್ಟಿಯಾಗಲಿ

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೋಲಾರ ಚಿನ್ನದ ಗಣಿ ಪ್ರದೇಶದ ಬಗ್ಗೆ ಒಂದು ತೀರ್ಮಾನ ಕೈಗೊಂಡಿತು. ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಅಂದರೆ ಬಿಜಿಎಂಎಲ್‌ಗೆ ಸೇರಿದ ಗಣಿ ಪ್ರದೇಶದಲ್ಲಿ 13 ತ್ಯಾಜ್ಯ ದಿಬ್ಬಗಳಿವೆ. ಸುಮಾರು 1,003 ಎಕರೆಯಲ್ಲಿ ಹರಡಿರುವ ಈ ದಿಬ್ಬಗಳಲ್ಲಿ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ತಾತ್ವಿಕ ಒಪ್ಪಿಗೆ ಕೊಟ್ಟಿತು. ಅಂದಿನಿಂದ ‘ಕೆಜಿಎಫ್ ಗಣಿ ಮತ್ತೆ ತೆರೆಯಲಿದೆ’ ಎಂಬರ್ಥದ ಸುದ್ದಿಗಳು ಹರಿದಾಡುತ್ತಲೇ ಇವೆ. ಇದೇ ಊರಿನಲ್ಲಿ ಕೈಗಾರಿಕಾ ಟೌನ್‌ಶಿಪ್ ಬರುತ್ತದೆ ಎಂಬ ಮಾತು ಮೊದಲಿನಿಂದಲೂ ಇದೆ. ಹಳೆಯ ಗಣಿಯನ್ನು ಪ್ರವಾಸಿ ತಾಣ ಮಾಡಬೇಕು, ವಸ್ತುಸಂಗ್ರಹಾಲಯ ಕಟ್ಟಬೇಕು ಎಂಬ ಬೇಡಿಕೆಯೂ ಆಗಾಗ ತಲೆ ಎತ್ತುತ್ತದೆ.

ಈ ಮೂರೂ ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಒಂದೇ ನೆಲದಲ್ಲಿ ಗಣಿ, ಕಾರ್ಖಾನೆ, ಪ್ರವಾಸೋದ್ಯಮ ಮೂರೂ ಸಾಧ್ಯವೇ? ಹಳೆಯ ಗಣಿಯನ್ನು ಉಳಿಸಲು ಸರ್ಕಾರದ ಹಣ ಏಕೆ ಬೇಕು? ಉಳಿಸುವುದಾದರೂ ಏನನ್ನು? ಉತ್ತರಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಹಾಗಾಗಿ ಎಳೆ ಎಳೆಯಾಗಿ ಬಿಡಿಸಿ ನೋಡಬೇಕು.

ಗಣಿ ತೆರೆಯುವುದಲ್ಲ, ದಿಬ್ಬ ಸೋಸುವುದು

ನೆಲದಡಿಯ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆಳದ ಗಣಿಯೊಳಗೆ ನೀರು ಸದಾ ಒಸರುತ್ತದೆ. ಅದನ್ನು ಹಗಲಿರುಳು ಪಂಪು ಮಾಡಿ ಹೊರಹಾಕುತ್ತಿದ್ದರೆ ಮಾತ್ರ ಒಳಗೆ ಕೆಲಸ ಸಾಧ್ಯ. ಪಂಪುಗಳು ನಿಂತ ಮೇಲೆ ನೀರು ಏರಿ ಸುರಂಗಗಳನ್ನು ತುಂಬಿಕೊಂಡಿತು. ಸಂಪುಟದ ತೀರ್ಮಾನಕ್ಕೂ ಈ ಮುಳುಗಿದ ಸುರಂಗಗಳಿಗೂ ಸಂಬಂಧವಿಲ್ಲ. ಅದು ನೆಲದ ಮೇಲಿರುವ ದಿಬ್ಬಗಳಿಗೆ ಸಂಬಂಧಿಸಿದ್ದು.

ದಿಬ್ಬಗಳು ಹುಟ್ಟಿದ ಬಗೆ ಹೀಗೆ. ಗಣಿಯಿಂದ ಮೇಲೆ ಬಂದ ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಸೈನೈಡ್ ದ್ರಾವಣದಲ್ಲಿ ಕಲಸುತ್ತಿದ್ದರು. ಚಿನ್ನ ದ್ರಾವಣದಲ್ಲಿ ಕರಗುತ್ತಿತ್ತು, ಹಿಟ್ಟು ಉಳಿಯುತ್ತಿತ್ತು. ಆ ಹಿಟ್ಟನ್ನು ದಶಕಗಳ ಕಾಲ ಊರಿನ ಪಕ್ಕದಲ್ಲೇ ಸುರಿದರು. ಊರಿನವರು ಇವನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಬೂದು ಬಿಳುಪಿನ ಈ ಗುಡ್ಡಗಳ ಮೈಮೇಲೆ ಮಳೆನೀರು ಕೊರೆದ ಆಳವಾದ ಗೀರುಗಳಿವೆ. ಬೇಸಿಗೆಯಲ್ಲಿ ಗಾಳಿ ಬೀಸಿದರೆ ಧೂಳು ಎದ್ದು ಮನೆಗಳೊಳಗೆ ಇಳಿಯುತ್ತದೆ. ಮಳೆಗಾಲದಲ್ಲಿ ಅದೇ ಹಿಟ್ಟು ಕೆಸರಾಗಿ ತಗ್ಗಿನ ಹೊಲಗಳಿಗೆ ಹರಿಯುತ್ತದೆ. ಬಯಲಿನಲ್ಲಿ ಬಿದ್ದ ಸೈನೈಡ್ ಬಿಸಿಲಿಗೆ ಕಾಲಕ್ರಮೇಣ ಒಡೆದುಹೋಗುತ್ತದೆ. ಉಸಿರಿನೊಳಗೆ ಹೋಗುವ ನುಣುಪು ಸಿಲಿಕಾ ಧೂಳು ಮಾತ್ರ ಹಾಗೆಯೇ ಉಳಿಯುತ್ತದೆ.

ದಿಬ್ಬಗಳಲ್ಲಿ 3 ಕೋಟಿ ಟನ್‌ಗೂ ಹೆಚ್ಚು ಪುಡಿ ಇದೆ ಎಂಬುದು ಚಾಲ್ತಿಯಲ್ಲಿರುವ ಅಂದಾಜು. ಅದರಲ್ಲಿ ಟನ್‌ಗೆ ಒಂದು ಗ್ರಾಮಿನ ಆಸುಪಾಸು ಚಿನ್ನವಿದೆ ಎನ್ನಲಾಗಿದೆ. ಚಿನ್ನ ಅಗ್ಗವಾಗಿದ್ದ ಕಾಲದಲ್ಲಿ ಇಷ್ಟು ತೆಳುವಾದ ಪುಡಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಇಂದಿನ ಬೆಲೆ ಮತ್ತು ತಂತ್ರಜ್ಞಾನ ಆ ಲೆಕ್ಕವನ್ನು ಬದಲಿಸಿವೆ. ಕಲ್ಲು ಒಡೆಯುವ ಮತ್ತು ಮೇಲೆತ್ತುವ ಖರ್ಚನ್ನು ನೂರು ವರ್ಷದ ಹಿಂದಿನವರೇ ಭರಿಸಿ ಹೋಗಿರುವುದರಿಂದ, ಹೊಸಬರ ಖರ್ಚು ಸೋಸುವುದಕ್ಕಷ್ಟೇ ಸೀಮಿತ. ಸುದ್ದಿಯ ಹಿಂದಿನ ಅರ್ಥಶಾಸ್ತ್ರ ಇಷ್ಟೇ. ನೆಲದಡಿಯ ಗಣಿಗೆ ಹೋಲಿಸಿದರೆ ಇಲ್ಲಿ ಬೇಕಾಗುವ ಕೈಗಳೂ ಬಹಳ ಕಡಿಮೆ. ಉದ್ಯೋಗದ ಆಸೆಯಿಂದ ಸುದ್ದಿ ಓದುವ ಕುಟುಂಬಗಳು ಇದನ್ನು ತಿಳಿದಿರಬೇಕು.

ಉಳಿಸುವಂಥದ್ದು ಏನಿದೆ?

ಪರಂಪರೆ ಎಂದರೆ ನಮ್ಮ ಕಣ್ಣಮುಂದೆ ಬರುವುದು ದೇಗುಲ, ಕೋಟೆ, ಬಸದಿ. ಗಂಗರ ಕುವಲಾಲಪುರ ಇದೇ ಕೋಲಾರ ಎಂದರೆ ಪರಂಪರೆಯ ಮಾತು ತಕ್ಷಣ ಒಪ್ಪಿಗೆಯಾಗುತ್ತದೆ. ತುಕ್ಕು ಹಿಡಿದ ಕಬ್ಬಿಣದ ಗೋಪುರವನ್ನು ತೋರಿಸಿ ಅದೇ ಮಾತು ಹೇಳಿದರೆ ಅನುಮಾನ ಹುಟ್ಟುತ್ತದೆ. ಆದ್ದರಿಂದ ಈ ಊರಿನಲ್ಲಿ ನಡೆದದ್ದೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಮಾರಿಕುಪ್ಪಂ ಸುತ್ತಮುತ್ತ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು 1802ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಜಾನ್ ವಾರನ್ ದಾಖಲಿಸಿದ. 1870ರ ದಶಕದಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಲ್ಯಾವೆಲ್ ಮೈಸೂರು ಸರ್ಕಾರದಿಂದ ಗಣಿ ಹಕ್ಕು ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ದೊಡ್ಡ ಪ್ರಮಾಣದ ಗಣಿಗಾರಿಕೆ ಶುರುವಾಯಿತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಅನುಭವಿ ಗಣಿಗಾರರು ಬಂದರು. ಉತ್ತರ ಆರ್ಕಾಟ್ ಮತ್ತು ಚಿತ್ತೂರು ಕಡೆಯ ಬಡ ಕುಟುಂಬಗಳು, ಬಹುಪಾಲು ದಲಿತರು, ಕೂಲಿಗೆ ಬಂದರು. ಮುಂದಿನ ಸುಮಾರು 120 ವರ್ಷಗಳಲ್ಲಿ ಈ ನೆಲದಿಂದ 800 ಟನ್‌ಗೂ ಹೆಚ್ಚು ಚಿನ್ನ ಹೊರಬಂತು.

ಆದರೆ ಈ ಊರಿನ ಮಹತ್ವ ಚಿನ್ನಕ್ಕಿಂತ ಹೆಚ್ಚಾಗಿ, ಚಿನ್ನ ತೆಗೆಯಲು ಮಾಡಬೇಕಾಗಿ ಬಂದ ಸಾಹಸಗಳಲ್ಲಿದೆ. ಗಣಿ ಆಳಕ್ಕೆ ಹೋದಂತೆ ಉಗಿ ಯಂತ್ರಗಳಿಗೆ ಸೌದೆ, ಕಲ್ಲಿದ್ದಲು ಒದಗಿಸುವುದು ದುಬಾರಿಯಾಯಿತು. ಅದಕ್ಕೆ ಉತ್ತರವಾಗಿ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುತ್ ಉತ್ಪಾದಿಸಿ ಸುಮಾರು 147 ಕಿಲೋಮೀಟರ್ ದೂರದ ಗಣಿಗೆ ತಂತಿಯಲ್ಲಿ ಸಾಗಿಸಿದರು. ಅದು 1902ರ ಜೂನ್‌ನಲ್ಲಿ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಕರ್ನಾಟಕದ ವಿದ್ಯುತ್ತಿನ ಚರಿತ್ರೆ ಬರೆಯುವವರು ಕೆಜಿಎಫ್‌ನಿಂದಲೇ ಆರಂಭಿಸಬೇಕು.

ಚಾಂಪಿಯನ್ ರೀಫ್ ಗಣಿ ಕೊನೆಗೆ ಸುಮಾರು 3.2 ಕಿಲೋಮೀಟರ್ ಆಳ ಮುಟ್ಟಿತು. ಅಷ್ಟು ಆಳದಲ್ಲಿ ಬಂಡೆಯ ಮೇಲಿನ ಒತ್ತಡ ಎಷ್ಟೆಂದರೆ, ಪಕ್ಕದ ಕಲ್ಲು ತೆಗೆದಾಗ ಉಳಿದ ಬಂಡೆ ಸಿಡಿಯುತ್ತದೆ. ರಾಕ್ ಬರ್ಸ್ಟ್ ಎನ್ನುವ ಈ ಸಿಡಿತಕ್ಕೆ ಅನೇಕರು ಬಲಿಯಾದರು, ನೆಲದ ಮೇಲಿನ ಮನೆಗಳ ಗೋಡೆಗಳೂ ಬಿರಿದವು. ಆ ಅನುಭವದಿಂದಲೇ ಶಿಲಾ ಯಂತ್ರವಿಜ್ಞಾನದ ರಾಷ್ಟ್ರೀಯ ಸಂಸ್ಥೆ 1988ರಲ್ಲಿ ಇಲ್ಲಿ ಹುಟ್ಟಿತು. ಅದೇ ಆಳ ಇನ್ನೊಂದು ಕೆಲಸಕ್ಕೂ ಬಂತು. ಹೀತ್‌ಕೋಟ್ ಶಾಫ್ಟ್‌ನಲ್ಲಿ, ಅಂದರೆ ಗಣಿಗೆ ಇಳಿಯುವ ಬಾವಿಯಂಥ ದಾರಿಯಲ್ಲಿ, ಸುಮಾರು 2.3 ಕಿಲೋಮೀಟರ್ ಕೆಳಗೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳ ಜತೆ ಸೇರಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಸುಳಿವು ಹಿಡಿದರು. ಜಗತ್ತಿನಲ್ಲಿ ಅಂಥ ಮೊದಲ ಪತ್ತೆಗಳ ಸಾಲಿನಲ್ಲಿ ಅದೂ ಇದೆ. ಅಲ್ಲಿ ಕಲ್ಲು ಕೊರೆದು ಜಾಗ ಮಾಡಿಕೊಟ್ಟವರು ಇದೇ ಊರಿನ ಲೈನ್ ಮನೆಗಳ, ಅಂದರೆ ಸಾಲು ಮನೆಗಳ, ಕಾರ್ಮಿಕರು.

ಇವೆಲ್ಲದರ ಕುರುಹುಗಳು ನೆಲದ ಮೇಲಿವೆ. ಶಾಫ್ಟ್‌ಗಳ ಮೇಲಿನ ಕಬ್ಬಿಣದ ಗೋಪುರಗಳು, ಕೆಲಸಗಾರರನ್ನು ಏರಿಳಿಸುವ ಪಂಜರವಾದ ಕೇಜ್ ಎಳೆಯುತ್ತಿದ್ದ ವೈಂಡಿಂಗ್ ಎಂಜಿನ್ ಮನೆಗಳು, ಆಸ್ಪತ್ರೆ, ಕ್ಲಬ್, ಚರ್ಚುಗಳು, ಬೇತಮಂಗಲದಿಂದ ನೀರು ತಂದ ವ್ಯವಸ್ಥೆ, ಮಾರಿಕುಪ್ಪಂವರೆಗಿನ ರೈಲು ಹಳಿ, ಸಾವಿರಾರು ಲೈನ್ ಮನೆಗಳು. ಇವುಗಳಲ್ಲಿ ಒಂದನ್ನೇ ಉಳಿಸಿದರೆ ಅರ್ಥವಾಗುವುದಿಲ್ಲ. ಎಲ್ಲವೂ ಸೇರಿದಾಗ ಒಂದು ಕೈಗಾರಿಕೆ ಹೇಗೆ ಉಸಿರಾಡುತ್ತಿತ್ತು ಎಂಬುದು ಕಾಣುತ್ತದೆ.

ನೆಲ ಯಾರದು?

ಮೈಸೂರು ಸರ್ಕಾರ 1956ರಲ್ಲಿ ಗಣಿಗಳನ್ನು ವಶಕ್ಕೆ ಪಡೆಯಿತು. 1962ರಲ್ಲಿ ಅವು ಕೇಂದ್ರಕ್ಕೆ ಹೋದವು. 1972ರಲ್ಲಿ ಬಿಜಿಎಂಎಲ್ ಕಂಪನಿಯಾಯಿತು. ಕಂಪನಿ ಕೇಂದ್ರ ಗಣಿ ಸಚಿವಾಲಯದ್ದು, ಖನಿಜದ ಒಡೆತನ ರಾಜ್ಯದ್ದು, ಮೇಲಿನ ಬೀದಿ ಮತ್ತು ಚರಂಡಿ ನಗರಸಭೆಯದ್ದು, ಮನೆಯೊಳಗೆ ಬದುಕುತ್ತಿರುವವರು ಮಾಜಿ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು. ಅವರಲ್ಲಿ ಅನೇಕರಿಗೆ ಹಕ್ಕುಪತ್ರದ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.

ಈ ತೊಡಕು ಬರೀ ಕಾಗದದ ಮೇಲಿನದಲ್ಲ. ಶಾಫ್ಟ್ ಮೇಲಿನ ಒಂದು ಹೆಡ್‌ಗೇರ್ ಗೋಪುರಕ್ಕೆ ಬಣ್ಣ ಬಳಿಯಬೇಕೆಂದರೆ ಪ್ರವಾಸೋದ್ಯಮ ಇಲಾಖೆಗೆ ಆ ಆಸ್ತಿಯ ಮೇಲೆ ಅಧಿಕಾರವಿಲ್ಲ. ಅಧಿಕಾರವಿರುವ ಕಂಪನಿಯ ಗಣಿ ಕೆಲಸ ನಿಂತುಹೋಗಿದೆ, ಅದಕ್ಕೆ ಬಣ್ಣ ಬಳಿಯುವ ಉದ್ದೇಶವೂ ಇಲ್ಲ, ಹಣವೂ ಇಲ್ಲ. ಹೀಗಾಗಿ ಎಲ್ಲರೂ ಒಪ್ಪುವ ಕೆಲಸವೂ ಯಾರ ಕೆಲಸವೂ ಆಗದೆ ಉಳಿಯುತ್ತದೆ.

ಅಷ್ಟರಲ್ಲಿ ಕಬ್ಬಿಣ ಕಾಯುವುದಿಲ್ಲ. ಗೋಪುರದ ಎರಡು ಪಟ್ಟಿಗಳು ರಿವೆಟ್‌ನಿಂದ ಸೇರುವ ಸಂದಿಯನ್ನು ನೋಡಿ. ಬಣ್ಣ ಏಳುವುದು ಮೊದಲು ಅಲ್ಲಿಯೇ. ಮಳೆನೀರು ಸಂದಿಯೊಳಗೆ ನಿಲ್ಲುತ್ತದೆ. ಒಳಗೆ ಹುಟ್ಟಿದ ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬುತ್ತಾ ಎರಡು ಪಟ್ಟಿಗಳನ್ನು ಬೇರೆ ಬೇರೆ ದೂಡುತ್ತದೆ. ಒಂದು ದಿನ ರಿವೆಟ್‌ನ ತಲೆ ಹಾರಿಹೋಗುತ್ತದೆ. ಆಮೇಲೆ ಅದರ ಭಾರ ಪಕ್ಕದ ರಿವೆಟ್‌ ಮೇಲೆ ಬೀಳುತ್ತದೆ. ಸಕಾಲದಲ್ಲಿ ಒಂದು ಪದರ ಬಣ್ಣದಿಂದ ತಡೆಯಬಹುದಾಗಿದ್ದ ಹಾನಿ, ಹತ್ತಿಪ್ಪತ್ತು ವರ್ಷಗಳ ನಂತರ ಇಡೀ ಗೋಪುರವನ್ನು ಬಿಚ್ಚಿ ಕಟ್ಟುವ ಕೆಲಸವಾಗುತ್ತದೆ. ಆಗ ‘ಅಪಾಯಕಾರಿ’ ಎಂಬ ಹಣೆಪಟ್ಟಿ ಹಚ್ಚಿ ಗುಜರಿಗೆ ಕೊಡುವುದು ಎಲ್ಲರಿಗೂ ಸುಲಭವೆನಿಸುತ್ತದೆ.

ಮೂರು ವಾದಗಳು

ಮೊದಲ ವಾದ ದಿಬ್ಬ ಸೋಸುವವರದು. ದೇಶ ಚಿನ್ನಕ್ಕೆ ಅಪಾರ ವಿದೇಶಿ ವಿನಿಮಯ ತೆರುತ್ತದೆ, ಇಲ್ಲಿ ಕೈಗೆಟುಕುವ ಚಿನ್ನವಿದೆ, ರಾಜ್ಯಕ್ಕೆ ರಾಯಧನ ಬರುತ್ತದೆ, ಧೂಳಿನ ಪೀಡೆಯೂ ತೊಲಗುತ್ತದೆ ಎನ್ನುತ್ತಾರೆ. ಈ ವಾದದಲ್ಲಿ ಹುರುಳಿದೆ. ಆದರೆ ಸೋಸಿದ ಮೇಲೂ ಪುಡಿ ಬಹುತೇಕ ಅಷ್ಟೇ ಉಳಿಯುತ್ತದೆ. ಟನ್‌ನಿಂದ ಹೋಗುವುದು ಒಂದು ಗ್ರಾಮಿನಷ್ಟೇ. ಉಳಿದದ್ದನ್ನು ಎಲ್ಲಿ, ಯಾವ ಹೊದಿಕೆ ಹಾಸಿ ಇಡುತ್ತಾರೆ ಎಂಬುದರ ಮೇಲೆ ಧೂಳಿನ ಪೀಡೆ ತೊಲಗುತ್ತದೋ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗುತ್ತದೋ ಎಂಬುದು ನಿಂತಿದೆ.

ಎರಡನೆಯದು ಕೈಗಾರಿಕಾ ಟೌನ್‌ಶಿಪ್ ವಾದ. ಬಿಜಿಎಂಎಲ್ ಬಳಿ ಸುಮಾರು 12,000 ಎಕರೆ ಇದೆ. ಅದರಲ್ಲಿ ಗಣಿಗಾರಿಕೆಗೆ ಬಳಕೆಯಾಗದ ಸುಮಾರು 3,200 ಎಕರೆಯನ್ನು ಕೈಗಾರಿಕೆಗೆ ಕೊಡಬೇಕೆಂದು ರಾಜ್ಯ ಕೇಳುತ್ತ ಬಂದಿದೆ. ಬೆಂಗಳೂರು ಸುಮಾರು ನೂರು ಕಿಲೋಮೀಟರ್. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆ–ಬೇತಮಂಗಲ ಭಾಗ ಈಗಾಗಲೇ ಸಂಚಾರಕ್ಕೆ ತೆರೆದಿದೆ. ಗಣಿ ಮುಚ್ಚಿದ ಮೇಲೆ ಈ ಊರಿನ ಸಾವಿರಾರು ಜನ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುತ್ತಿದ್ದಾರೆ. ಅವರ ಕೆಲಸ ಊರಿನಲ್ಲೇ ಸಿಗಲಿ ಎಂಬ ಬೇಡಿಕೆಗಿಂತ ನ್ಯಾಯವಾದ ಬೇಡಿಕೆ ಇನ್ನೊಂದಿಲ್ಲ.

ಮೂರನೆಯದು ಪರಂಪರೆ ಮತ್ತು ಪ್ರವಾಸೋದ್ಯಮದ ವಾದ. ಜನಪ್ರಿಯ ಚಲನಚಿತ್ರವೊಂದು ಈ ಹೆಸರನ್ನು ದೇಶದ ಮೂಲೆ ಮೂಲೆಗೆ ತಲುಪಿಸಿದ ಮೇಲೆ ಈ ವಾದಕ್ಕೆ ಹೊಸ ಹುರುಪು ಬಂತು. ಅದರಲ್ಲಿ ಒಂದು ಅಪಾಯವೂ ಅಡಗಿದೆ. ಸಿನಿಮಾದ ಕಲ್ಪಿತ ಲೋಕವನ್ನು ನೋಡಲು ಬರುವವರಿಗೆ ಅದನ್ನೇ ಕಟ್ಟಿ ತೋರಿಸಿದರೆ, ನಿಜವಾಗಿ ಇಲ್ಲಿ ಬದುಕಿ ಸತ್ತವರ ಕಥೆ ಎರಡನೇ ಬಾರಿ ಹೂತುಹೋಗುತ್ತದೆ.

ಮೂರೂ ವಾದಗಳು ನೆಲದ ಮೇಲೆ ಪರಸ್ಪರ ಶತ್ರುಗಳಾಗಬೇಕಿಲ್ಲ. 12,000 ಎಕರೆಯಲ್ಲಿ ಶಾಫ್ಟ್‌ಗಳು, ಎಂಜಿನ್ ಮನೆಗಳು, ಹಳೆಯ ಆಸ್ಪತ್ರೆ ಆಕ್ರಮಿಸುವ ಜಾಗ ಅತ್ಯಲ್ಪ. ತೊಂದರೆ ಇರುವುದು ಕ್ರಮದಲ್ಲಿ. ಯಾವುದು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಯಾವುದನ್ನು ಬಿಡಬಾರದು ಎಂಬ ಪಟ್ಟಿ ಸಿದ್ಧವಾಗುವ ಮೊದಲೇ ನೆಲ ಹಂಚಿಕೆಯಾದರೆ, ಪಟ್ಟಿ ಮಾಡುವ ಹೊತ್ತಿಗೆ ಅದರಲ್ಲಿ ಬರೆಯಲು ಏನೂ ಉಳಿದಿರುವುದಿಲ್ಲ.

ಬೇರೆಡೆ ನಡೆದದ್ದು

ಜರ್ಮನಿಯ ಎಸೆನ್ ನಗರದ ಝೊಲ್‌ವೆರಾಯಿನ್ ಕಲ್ಲಿದ್ದಲು ಗಣಿ 1986ರ ಕೊನೆಯಲ್ಲಿ ಮುಚ್ಚಿತು. ಅಲ್ಲಿನ ರಾಜ್ಯ ಸರ್ಕಾರ ಮಾಡಿದ ಮೊದಲ ಕೆಲಸ ಆ ಜಾಗವನ್ನು ಕಂಪನಿಯಿಂದ ಕೊಂಡು ಸ್ಮಾರಕವೆಂದು ಘೋಷಿಸಿದ್ದು. ಮುಂದೇನು ಎಂಬುದು ಆಗ ಯಾರಿಗೂ ಸ್ಪಷ್ಟವಿರಲಿಲ್ಲ. ಆದರೆ ಕೆಡವುವುದು ನಿಂತಿತು. 1989ರಿಂದ ಹತ್ತು ವರ್ಷ ನಡೆದ, ಎಸೆನ್ ಇರುವ ರೂರ್ ಪ್ರದೇಶದ ಪುನಶ್ಚೇತನ ಕಾರ್ಯಕ್ರಮದಲ್ಲಿ ಹಳೆಯ ಗಣಿ, ಕುಲುಮೆ, ತ್ಯಾಜ್ಯ ಗುಡ್ಡಗಳನ್ನು ಒಂದು ಇಡೀ ಸೀಮೆಯ ಯೋಜನೆಯಾಗಿ ಕೈಗೆತ್ತಿಕೊಂಡರು. ಝೊಲ್‌ವೆರಾಯಿನ್ 2001ರಲ್ಲಿ, ಅಂದರೆ ನಮ್ಮ ಗಣಿ ಮುಚ್ಚಿದ ವರ್ಷವೇ, ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿತು. ಮುಚ್ಚಿದ್ದಕ್ಕೂ ಪಟ್ಟಿ ಸೇರಿದ್ದಕ್ಕೂ ನಡುವೆ ಹದಿನಾಲ್ಕಕ್ಕೂ ಹೆಚ್ಚು ವರ್ಷ. ಕೆಜಿಎಫ್ ಮುಚ್ಚಿ ಅದಕ್ಕಿಂತ ಹೆಚ್ಚು ಕಾಲವಾಗಿದೆ.

ವೇಲ್ಸ್‌ನ ಬಿಗ್ ಪಿಟ್ ಇನ್ನೂ ಹತ್ತಿರದ ಹೋಲಿಕೆ. 1980ರಲ್ಲಿ ಮುಚ್ಚಿದ ಕಲ್ಲಿದ್ದಲು ಗಣಿ 1983ರಲ್ಲೇ ಸಂದರ್ಶಕರಿಗೆ ತೆರೆಯಿತು. ಜನರನ್ನು ಕೆಳಗೆ ಕರೆದೊಯ್ಯುವ ಕೆಲಸಕ್ಕೆ ಮಾಜಿ ಗಣಿಗಾರರನ್ನೇ ನೇಮಿಸಿದರು. ಇವತ್ತು ಅದು ವೇಲ್ಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಭಾಗ, ಪ್ರವೇಶ ಉಚಿತ. ಆದರೆ ಅಲ್ಲಿ ಸಂದರ್ಶಕರು ಇಳಿಯುವ ಆಳ 90 ಮೀಟರ್. ಮುಳುಗಿದ, ಬಂಡೆ ಸಿಡಿಯುವ 3 ಕಿಲೋಮೀಟರ್ ಆಳಕ್ಕೆ ಪ್ರವಾಸಿಗರನ್ನು ಇಳಿಸುತ್ತೇವೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಕೆಜಿಎಫ್‌ನಲ್ಲಿ ತೋರಿಸಬಹುದಾದದ್ದು ನೆಲದ ಮೇಲಿನ ಜಗತ್ತು. ಹೆಚ್ಚೆಂದರೆ ಮೇಲ್ಮಟ್ಟದ ಒಂದು ಸುರಕ್ಷಿತ ಸುರಂಗದ ತುಂಡನ್ನು ಸಜ್ಜುಗೊಳಿಸಬಹುದು, ಅದೂ ತಜ್ಞರ ತಪಾಸಣೆಯ ನಂತರ.

ಮುಂಬಯಿಯ ಉದಾಹರಣೆ ಎಚ್ಚರಿಕೆಯದು. ಬಟ್ಟೆ ಗಿರಣಿಗಳ ಜಾಗ ಅಭಿವೃದ್ಧಿಯಾದಾಗ ಮೂರನೇ ಒಂದು ಭಾಗ ಬಯಲಿಗೆ, ಮೂರನೇ ಒಂದು ಭಾಗ ಸಾರ್ವಜನಿಕ ವಸತಿಗೆ ಎಂಬ ನಿಯಮ 1991ರಲ್ಲಿ ಬಂತು. 2001ರ ತಿದ್ದುಪಡಿ ಆ ಪಾಲನ್ನು ಗಿರಣಿಯೊಳಗಿನ ಖಾಲಿ ಜಾಗಕ್ಕಷ್ಟೇ ಸೀಮಿತಗೊಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಗಿರಣಿಗಳಿದ್ದ ಜಾಗದಲ್ಲಿ ಗೋಪುರ ಕಟ್ಟಡಗಳೂ ಮಾಲ್‌ಗಳೂ ಎದ್ದವು, ಅಲ್ಲಲ್ಲಿ ಒಂದೊಂದು ಚಿಮಣಿ ಉಳಿಯಿತು. ನೆಲದ ಬೆಲೆ ಕಟ್ಟಡದ ಬೆಲೆಯನ್ನು ಮೀರಿದ ಮೇಲೆ ಪರಂಪರೆಯ ಮಾತು ಕೇಳಿಸುವುದು ಕಷ್ಟ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಕೆಜಿಎಫ್ ಕೂಡ ಅತ್ತಲೇ ಸಾಗುತ್ತಿದೆ.

ಟಿಕೆಟ್ ಹಣದಿಂದ ಏಕೆ ಸಾಲದು?

‘ಪ್ರವಾಸಿಗರು ಬಂದರೆ ಅವರೇ ಖರ್ಚು ಭರಿಸುತ್ತಾರೆ’ ಎಂಬ ಮಾತು ಕೇಳಲು ಚೆನ್ನಾಗಿದೆ. ಲೆಕ್ಕ ಹಾಗೆ ಕೂಡುವುದಿಲ್ಲ. ಗೋಪುರದ ಬಣ್ಣ, ಶಾಫ್ಟ್ ಬಾಯಿಗೆ ಕಾವಲು, ಕಟ್ಟಡಗಳ ದುರಸ್ತಿ, ವಿಮೆ, ಸಿಬ್ಬಂದಿ ಸಂಬಳ ಇವೆಲ್ಲ ಒಬ್ಬನೇ ಬಂದರೂ ಸಾವಿರ ಜನ ಬಂದರೂ ಒಂದೇ. ಬರುವವರ ಸಂಖ್ಯೆ ಮಾತ್ರ ರಜೆ, ಬಿಸಿಲು, ಮಳೆಗೆ ತಕ್ಕಂತೆ ಏರಿಳಿಯುತ್ತದೆ. ಇದಲ್ಲದೆ ಪ್ರವಾಸಿ ಖರ್ಚು ಮಾಡುವ ಹಣದ ಬಹುಭಾಗ ಗೇಟಿನ ಒಳಗೆ ಬೀಳುವುದಿಲ್ಲ. ಅದು ಹೋಟೆಲಿಗೆ, ಆಟೋದವರಿಗೆ, ಅಂಗಡಿಗೆ ಹೋಗುತ್ತದೆ. ಸ್ಮಾರಕಕ್ಕೆ ನಷ್ಟವಾದರೂ ಊರಿಗೆ ಲಾಭವಾಗಬಹುದು. ಸಾರ್ವಜನಿಕ ಹಣ ಬೇಕಾಗುವುದು ಈ ಕಾರಣಕ್ಕೆ. ಊರಿನಲ್ಲಿ ಹರಡಿದ ಲಾಭದ ಒಂದು ಪಾಲು ತೆರಿಗೆಯಾಗಿ ಮರಳುತ್ತದೆ, ಅದರಿಂದ ಸ್ಮಾರಕ ನಿಲ್ಲುತ್ತದೆ.

ಆದರೆ ಊರಿಗೆ ಲಾಭವಾಗಬೇಕಾದರೆ ಬಂದವರು ಅಲ್ಲಿ ತಂಗಬೇಕು. ಬೆಂಗಳೂರಿನಿಂದ ಎರಡು ಗಂಟೆಯ ದಾರಿ ಎಂಬುದು ಇಲ್ಲಿ ವರವೂ ಹೌದು, ತೊಡಕೂ ಹೌದು. ಬೆಳಿಗ್ಗೆ ಬಂದು ದಿಬ್ಬದ ಮುಂದೆ ಫೋಟೊ ತೆಗೆದುಕೊಂಡು ಮಧ್ಯಾಹ್ನಕ್ಕೆ ಹಿಂದಿರುಗುವವರು ಊರಿಗೆ ಬಿಟ್ಟುಹೋಗುವುದು ಪ್ಲಾಸ್ಟಿಕ್ ಬಾಟಲಿ ಮಾತ್ರ. ಹಳೆಯ ಬಂಗಲೆಗಳು ತಂಗುದಾಣಗಳಾಗಿ, ಲೈನ್ ಮನೆಗಳ ಹೆಣ್ಣುಮಕ್ಕಳ ಕೈ ಅಡುಗೆ ಸಿಗುವಂತಾಗಿ, ಶಿವನಸಮುದ್ರದ ವಿದ್ಯುತ್ ಕೇಂದ್ರ ಮತ್ತು ಪೆದ್ದಪಲ್ಲಿಯಲ್ಲಿ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಾಗಿರುವ ಲಾವಾ ಶಿಲೆಗಳು ಒಂದೇ ದಾರಿಯಲ್ಲಿ ಪೋಣಿಸಿಕೊಂಡರೆ ಎರಡು ದಿನದ ಪ್ರವಾಸವಾಗುತ್ತದೆ. ಅಲ್ಲಿಯವರೆಗೆ ಉದ್ಯೋಗದ ದೊಡ್ಡ ಸಂಖ್ಯೆಗಳನ್ನು ಯಾರೂ ಹೇಳಬಾರದು. ಪ್ರವಾಸೋದ್ಯಮ ಗಣಿಯಷ್ಟು ಜನರಿಗೆ ಕೆಲಸ ಕೊಡುವುದಿಲ್ಲ.

ಹಣ ಎಲ್ಲಿಂದ ಬರಬಹುದು?

ಕೇಂದ್ರ ಸರ್ಕಾರ 2024ರಲ್ಲಿ 23 ರಾಜ್ಯಗಳ 40 ಪ್ರವಾಸಿ ಯೋಜನೆಗಳಿಗೆ 50 ವರ್ಷಗಳ ಬಡ್ಡಿರಹಿತ ಸಾಲವಾಗಿ ಸುಮಾರು 3,295 ಕೋಟಿ ರೂಪಾಯಿ ಮಂಜೂರು ಮಾಡಿತು. ಕರ್ನಾಟಕದ ಪಾಲಿಗೆ ಬಂದದ್ದು ಎರಡು: ಸವದತ್ತಿ ಯಲ್ಲಮ್ಮನ ಗುಡ್ಡ ಮತ್ತು ಬೆಂಗಳೂರಿನ ತಾತಗುಣಿ ಎಸ್ಟೇಟ್, ತಲಾ ಸುಮಾರು 100 ಕೋಟಿ. ಎರಡೂ ಅರ್ಹ ತಾಣಗಳೇ. ಇಂಥ ಯೋಜನೆಗೆ ಅರ್ಜಿ ಹಾಕಲು ಜಾಗದ ಒಡೆತನ ತೊಡಕಿಲ್ಲದೆ ಇರಬೇಕು. ಕೆಜಿಎಫ್ ಎಡವುವುದು ಅಲ್ಲಿಯೇ.

ಗಣಿ ಕಂಪನಿಗಳು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟಬೇಕೆಂದು 2015ರ ಕಾನೂನು ತಿದ್ದುಪಡಿ ಹೇಳುತ್ತದೆ. ಹರಾಜಿನಲ್ಲಿ ಪಡೆದ ಗುತ್ತಿಗೆಗೆ ಅದು ರಾಯಧನದ ಶೇ 10. ದಿಬ್ಬ ಸೋಸುವವರೂ ಕಟ್ಟಬೇಕಾಗುತ್ತದೆ. ಆದರೆ ಆ ಹಣದ ಬಹುಪಾಲು ಗಣಿಬಾಧಿತರ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಮೀಸಲು, ಹಾಗೆಯೇ ಇರಬೇಕು. ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್‌ನಿಂದ ಉಸಿರಾಡಲು ಏಗುತ್ತಿರುವವರ ಆಸ್ಪತ್ರೆ ಹಣವನ್ನು ಗೋಪುರದ ಬಣ್ಣಕ್ಕೆ ಬಳಸುವುದು ಅನ್ಯಾಯ. ಸ್ಮಾರಕಗಳಿಗೆ ಬೇರೆ ದಾರಿ ಇದೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಪಾರಂಪರಿಕ ಕಟ್ಟಡಗಳಿಗೆ ಬಳಸಲು 2013ರ ಕಂಪನಿ ಕಾಯ್ದೆಯೇ ಅವಕಾಶ ಕೊಟ್ಟಿದೆ. ಎಲ್ಲಕ್ಕಿಂತ ನೇರವಾದದ್ದು, ಹರಾಜಿನ ಷರತ್ತಿನಲ್ಲೇ ಶಾಫ್ಟ್‌ಗಳ ಮತ್ತು ದಾಖಲೆಗಳ ರಕ್ಷಣೆಯನ್ನು ಗುತ್ತಿಗೆದಾರನ ಹೊಣೆಯಾಗಿಸುವುದು. ಗುತ್ತಿಗೆ ಕೊಟ್ಟ ಮೇಲೆ ಇಂಥ ಷರತ್ತನ್ನು ಸೇರಿಸಲು ಬರುವುದಿಲ್ಲ.

ಹಣ ಬಂದರೂ ಒಂದು ಹಳೆಯ ಚಾಳಿ ಕಾಡುತ್ತದೆ. ನಮ್ಮಲ್ಲಿ ಕಟ್ಟಲು ಹಣ ಸಿಗುತ್ತದೆ, ನೋಡಿಕೊಳ್ಳಲು ಸಿಗುವುದಿಲ್ಲ. ಹೊಸ ಕಮಾನು, ಕಾರಂಜಿ, ಬೆಳಕಿನ ಪ್ರದರ್ಶನಕ್ಕೆ ಶಂಕುಸ್ಥಾಪನೆ ನಡೆಯುತ್ತದೆ, ಮೂರು ವರ್ಷಕ್ಕೆ ಕಾರಂಜಿ ಒಣಗುತ್ತದೆ. ಕಬ್ಬಿಣದ ಪರಂಪರೆಗೆ ಈ ಪದ್ಧತಿ ಮಾರಕ. ಹತ್ತು ಕೋಟಿಯನ್ನು ಒಂದೇ ವರ್ಷ ಸುರಿಯುವುದಕ್ಕಿಂತ ವರ್ಷಕ್ಕೆ ಐವತ್ತು ಲಕ್ಷದಂತೆ ಇಪ್ಪತ್ತು ವರ್ಷ ಕೊಟ್ಟರೆ ಗೋಪುರ ಉಳಿಯುತ್ತದೆ.

ಕಾನೂನಿನ ಅಡಚಣೆ

ಸ್ಮಾರಕ ಎಂದು ಘೋಷಿಸಲು ಕಟ್ಟಡಕ್ಕೆ ಕನಿಷ್ಠ ನೂರು ವರ್ಷವಾಗಿರಬೇಕು ಎಂದು 1958ರ ಕೇಂದ್ರ ಕಾಯ್ದೆ ಹೇಳುತ್ತದೆ. ಮೊದಲ ಕಾಲದ ಶಾಫ್ಟ್‌ಗಳು ಈ ಗೆರೆ ದಾಟುತ್ತವೆ, ನಂತರದ ಯಂತ್ರಗಳು ಮತ್ತು ನ್ಯೂಟ್ರಿನೊ ಪ್ರಯೋಗದ ಕುರುಹುಗಳು ದಾಟುವುದಿಲ್ಲ. ಇನ್ನೊಂದು ಸಮಸ್ಯೆ ಹೆಚ್ಚು ಸೂಕ್ಷ್ಮ. 2010ರ ತಿದ್ದುಪಡಿಯಂತೆ ಕೇಂದ್ರ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ನಿರ್ಬಂಧಿತ. ಶಾಫ್ಟ್‌ಗಳ ಸುತ್ತಲೇ ಲೈನ್ ಮನೆಗಳಿವೆ. ಮನೆಗೆ ಒಂದು ಶೌಚಾಲಯ ಕಟ್ಟಿಕೊಳ್ಳಲೂ ದೂರದ ಕಚೇರಿಯ ಅನುಮತಿ ಬೇಕಾದರೆ ಜನ ಸ್ಮಾರಕವನ್ನು ದ್ವೇಷಿಸುತ್ತಾರೆ, ಅದು ಅವರ ತಪ್ಪಲ್ಲ.

ಹಾಗಾಗಿ ಇಲ್ಲಿಗೆ ಹೊಂದುವುದು ಒಂದೊಂದು ಕಟ್ಟಡದ ಘೋಷಣೆಗಿಂತ, ನಗರ ಯೋಜನಾ ಕಾಯ್ದೆಯಡಿ ಪಾರಂಪರಿಕ ಪ್ರದೇಶವೆಂದು ಗುರುತಿಸಿ, ಏನನ್ನು ಕೆಡವಬಾರದು, ಏನನ್ನು ಬದಲಿಸಿಕೊಳ್ಳಬಹುದು ಎಂದು ಬಿಡಿಸಿ ಹೇಳುವ ದಾರಿ. ಹಕ್ಕುಪತ್ರ ಮೊದಲು ಕೈಗೆ ಬರಬೇಕು. ಸ್ವಂತ ಮನೆಯಾದರೆ ಅದರ ಚರಿತ್ರೆಯನ್ನೂ ಕಾಯುವವರು ಹುಟ್ಟಿಕೊಳ್ಳುತ್ತಾರೆ.

ಯಾರ ಕಥೆ ಹೇಳುವುದು?

ಕೆಜಿಎಫ್‌ನ್ನು ‘ಪುಟ್ಟ ಇಂಗ್ಲೆಂಡ್’ ಎಂದು ಬಣ್ಣಿಸುವುದು ರೂಢಿ. ಕ್ಲಬ್, ಗಾಲ್ಫ್ ಮೈದಾನ, ಹೂದೋಟದ ಬಂಗಲೆಗಳು ಆ ಮಾತಿಗೆ ಪುರಾವೆ. ಅದೇ ಹೊತ್ತಿನಲ್ಲಿ ಕಾರ್ಮಿಕರು ಬದುಕಿದ್ದು ಬಿದಿರು ತಟ್ಟಿಯ ಗೋಡೆ, ತಗಡಿನ ಸೂರಿನ ಕೋಣೆಗಳಲ್ಲಿ. ಬೆರಳಚ್ಚು ನೋಂದಣಿಯನ್ನು ವಿರೋಧಿಸಿ ಸಾವಿರಾರು ಕಾರ್ಮಿಕರು 1930ರಲ್ಲಿ ವಾರಗಟ್ಟಲೆ ಮುಷ್ಕರ ಹೂಡಿದರು. ಇಪ್ಪತ್ತನೇ ಶತಮಾನದ ಆರಂಭದಲ್ಲೇ ಇಲ್ಲಿ ದಲಿತ ಕಾರ್ಮಿಕರ ಬೌದ್ಧ ಸಂಘಟನೆ ಬೇರೂರಿತ್ತು. ಈ ಚರಿತ್ರೆ ಬಂಗಲೆಯ ಗೋಡೆಯ ಮೇಲಿಲ್ಲ.

ಜಪಾನಿನ ಸಾಡೊ ದ್ವೀಪದ ಚಿನ್ನದ ಗಣಿ 2024ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರುವಾಗ ದೊಡ್ಡ ತಕರಾರು ಎದ್ದಿತ್ತು. ಯುದ್ಧಕಾಲದಲ್ಲಿ ಅಲ್ಲಿ ದುಡಿದ ಕೊರಿಯನ್ನರ ಕಥೆಯನ್ನೂ ಹೇಳುವುದಾಗಿ ಜಪಾನ್ ಒಪ್ಪಿದ ಮೇಲೆ ದಕ್ಷಿಣ ಕೊರಿಯಾ ಸಮ್ಮತಿಸಿತು. ಯಾವ ಗಣಿಯನ್ನು ಉಳಿಸಿದರೂ ಈ ಪ್ರಶ್ನೆ ಏಳುತ್ತದೆ. ಕ್ಲಬ್ಬನ್ನು ಮಾತ್ರ ದುರಸ್ತಿ ಮಾಡಿ ಒಂದೂ ಲೈನ್ ಮನೆಯನ್ನು ಉಳಿಸದಿದ್ದರೆ ಕೆಜಿಎಫ್‌ನಲ್ಲಿ ಉಳಿಯುವುದು ಯಜಮಾನರ ನೆನಪು ಮಾತ್ರ.

ಮುಂದೆ ಏನಾಗಬಹುದು?

ಈಗಿನಂತೆಯೇ ನಡೆದರೆ ದಿಬ್ಬಗಳ ಗುತ್ತಿಗೆ ಮೊದಲು ತೀರ್ಮಾನವಾಗುತ್ತದೆ, ಏಕೆಂದರೆ ಅದರಲ್ಲಿ ಹಣವಿದೆ, ಕಾಯುತ್ತಿರುವ ಬಂಡವಾಳವಿದೆ. ನಂತರ ಟೌನ್‌ಶಿಪ್‌ನ ನೆಲ ಹಂಚಿಕೆ. ಪರಂಪರೆಗೆ ಉಳಿಯುವುದು ಇವೆರಡಕ್ಕೂ ಬೇಡವಾದ ತುಂಡುಗಳು. ಕ್ರಮವನ್ನು ತಿರುಗಿಸಲು ದೊಡ್ಡ ಹಣ ಬೇಕಿಲ್ಲ. ಎಂಜಿನಿಯರ್, ಇತಿಹಾಸಕಾರ, ಮಾಜಿ ಗಣಿಗಾರರು ಸೇರಿದ ಒಂದು ತಂಡ ಶಾಫ್ಟ್‌ಗಳು, ಯಂತ್ರಗಳು, ಕಟ್ಟಡಗಳು, ನಕ್ಷೆಗಳು, ಹಾಜರಿ ಪುಸ್ತಕಗಳು ಎಲ್ಲವನ್ನೂ ಪಟ್ಟಿ ಮಾಡಲಿ. ಕೇಂದ್ರ ಮತ್ತು ರಾಜ್ಯ ಆ ಪಟ್ಟಿಯನ್ನು ಹರಾಜಿನ ದಾಖಲೆಗೆ ಲಗತ್ತಿಸಲಿ. ಸೈನೈಡ್ ದಿಬ್ಬಗಳಲ್ಲಿ ಒಂದನ್ನು, ಜನವಸತಿಯಿಂದ ದೂರವಿರುವುದನ್ನು, ಮಣ್ಣು ಹೊದಿಸಿ ಹಸಿರು ಬೆಳೆಸಿ ಗುರುತಾಗಿ ಉಳಿಸಬಹುದೇ ಎಂದು ಪರಿಶೀಲಿಸಲಿ. ಧೂಳು ನಿಲ್ಲಿಸಲಾಗದಿದ್ದರೆ ಆ ಆಸೆ ಬಿಡಬೇಕು. ನೆನಪಿಗಿಂತ ಮಕ್ಕಳ ಶ್ವಾಸಕೋಶ ದೊಡ್ಡದು.

ಕಟ್ಟಡಗಳಿಗಿಂತ ಬೇಗ ಹೋಗುವುದು ಕೆಲಸದ ತಿಳಿವಳಿಕೆ. ಕೇಜ್ ಏರಿಳಿಸುವ ವೈಂಡಿಂಗ್ ಎಂಜಿನ್ ಚಾಲಕನಿಗೆ ಶಾಫ್ಟ್ ಒಳಗಿನದು ಕಾಣುತ್ತಿರಲಿಲ್ಲ, ಗಂಟೆಯ ಸದ್ದೇ ಅವನಿಗೆ ಕಣ್ಣು. ಕೇಜ್ ನಿಂತಿರುವಾಗ ಒಂದು ಗಂಟೆ ಎಂದರೆ ಮೇಲೆತ್ತು. ಚಲಿಸುತ್ತಿರುವಾಗ ಒಂದು ಎಂದರೆ ನಿಲ್ಲಿಸು. ಎರಡು ಎಂದರೆ ಇಳಿಸು. ಮೂರು ಎಂದರೆ ಒಳಗೆ ಮನುಷ್ಯರಿದ್ದಾರೆ, ಜೋಪಾನ. ನಿಯಮ ಪುಸ್ತಕದಲ್ಲಿ ಸಿಗುತ್ತದೆ. ಹಗ್ಗ ಜಗ್ಗಿದ ಬಗೆಯಿಂದಲೇ ಕೆಳಗಿರುವವನು ಗಾಬರಿಯಾಗಿದ್ದಾನೋ ಇಲ್ಲವೋ ಎಂದು ಗುರುತಿಸುವ ಬಗೆ ಪುಸ್ತಕದಲ್ಲಿಲ್ಲ. ಗಣಿ ಮುಚ್ಚಿದಾಗ ನಲವತ್ತರ ಆಸುಪಾಸಿನಲ್ಲಿದ್ದವರು ಈಗ ಅರವತ್ತು ದಾಟಿದ್ದಾರೆ, ಅವರಲ್ಲಿ ಅನೇಕರ ಶ್ವಾಸಕೋಶದಲ್ಲಿ ಗಣಿಯ ಧೂಳಿದೆ. ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಲು ಬಿಜಿಎಂಎಲ್‌ನ ಒಪ್ಪಿಗೆಯಾಗಲೀ ಸಂಪುಟದ ತೀರ್ಮಾನವಾಗಲೀ ಬೇಕಿಲ್ಲ. ಯಾವುದಾದರೂ ಒಂದು ವಿಶ್ವವಿದ್ಯಾಲಯ ಈ ವರ್ಷವೇ ಆ ಕೆಲಸ ಶುರು ಮಾಡಬಹುದು.